ಉಡಿದಾರಕ್ಕೆ ಒಂದು ಮುದ್ರೆ

ಸಿಂಗಪುರದಲ್ಲಿದ್ದ ತಂಗಿಗೆ ಗಂಡು ಕೂಸು ಹುಟ್ಟಿದಾಗ ಅವ್ವ ಬಂಗಾರದ ಉಡಿದಾರ ಮಾಡಿಸಿದಳು. ಅದನ್ನು ಕಳಿಸುವ ಪಾಡು ನನ್ನ ಪಾಲಿಗೆ ಬಂತು. ಕಮಲಾಪುರದಿಂದ ಹೊಸಪೇಟೆಯ ಅಂಚೆ ಕಚೇರಿಗೆ ಗಾಡಿ ಹೊಡೆದೂ ಹೊಡೆದೂ ಎತ್ತುಗಳಿಗೇ ದಾರಿ ಬಾಯಿಪಾಠವಾಯಿತು. ಮೊದಲು ಡಬ್ಬಿ ಸರಿಯಿಲ್ಲವೆಂದರು, ಆಮೇಲೆ ಬಟ್ಟೆಯ ಹೊಲಿಗೆ ಸರಿಯಿಲ್ಲವೆಂದರು. ಕಡೆಗೆ ಹೊಲಿಗೆಯ ಮೇಲಿನ ಅರಗಿನ ಮುದ್ರೆ. ನಾನು ರೂಪಾಯಿ ಬಿಲ್ಲೆ ಒತ್ತಿ ತಂದಿದ್ದೆ.

"ಬಿಲ್ಲೆ ನಡ್ಯಂಗಿಲ್ರಿ," ಎಂದರು ಗುಮಾಸ್ತರು. "ಅದು ಎಲ್ಲಾರ ಹತ್ರಾನೂ ಇರ್ತದ. ಬ್ಯಾರೆ ಯಾರ ಹತ್ರಾನೂ ಇರದ ಗುರುತು ಒತ್ಕೊಂಡು ಬರ್ರಿ."

ನಮ್ಮ ಮನೆಯಲ್ಲಿದ್ದದ್ದು ದೇವರ ಪೆಟ್ಟಿಗೆಯ ಶಂಖದ ಮುದ್ರೆಯೊಂದೇ. ದಿನಾ ಗೋಪೀಚಂದನದಲ್ಲಿ ಅದ್ದಿ ಮೈಗೆ ಒತ್ತಿಕೊಳ್ಳುವುದು. ಅವ್ವ ಅಳುಕುತ್ತಲೇ ಕೊಟ್ಟಳು. ಬಿಸಿ ಅರಗಿನ ಮೇಲೆ ಚೆಂದಾಗಿ ಮೂಡಿತು.

ಗುಮಾಸ್ತರು ಅದನ್ನು ಕಣ್ಣಿಗೊತ್ತಿಕೊಂಡು ವಾಪಸ್ ತಳ್ಳಿದರು. "ಇದೂ ನಡ್ಯಂಗಿಲ್ರಿ."

"ಯಾಕ್ರಿ?"

ಅವರು ತಮ್ಮ ಕೆನ್ನೆ ತೋರಿಸಿದರು. ಅಲ್ಲಿ ಅದೇ ಶಂಖ, ಬೆಳಿಗ್ಗೆ ಒತ್ತಿಕೊಂಡದ್ದು.

ಬೇಸತ್ತು, ಪೇಟೆಯ ಬೆಲ್ಲದ ವ್ಯಾಪಾರಿಯೊಬ್ಬರ ಮುದ್ರೆ ಕೇಳಿ ತಂದೆ. ಅದರಲ್ಲಿ ಕಬ್ಬಿನ ಜಲ್ಲೆಯ ಚಿತ್ರ. ಅದು ನನ್ನದಲ್ಲವೆಂದು ಪೇಟೆಗೇ ಗೊತ್ತು. ಗುಮಾಸ್ತರು ಮರುಮಾತಿಲ್ಲದೆ ರಸೀದಿ ಹರಿದುಕೊಟ್ಟರು.

ಎಷ್ಟೋ ತಿಂಗಳ ಮೇಲೆ ತಂಗಿಯ ಕಾಗದ ಬಂತು. "ಉಡಿದಾರ ಮುಟ್ಟಿತು ಅಣ್ಣಾ. ಕಬ್ಬಿನ ಮುದ್ರಿ ನೋಡಿ, ಬೆಲ್ಲಾನೂ ಇಟ್ಟೀರಿ ಅನ್ಕೊಂಡು ಡಬ್ಬಿ ತಳದ ತನಕಾ ಹುಡುಕಿದೆ."

ನಾನು ಓದಿ ಮುಗಿಸುವಷ್ಟರಲ್ಲಿ ಅವ್ವ ಅಚ್ಚುಬೆಲ್ಲ ಕಟ್ಟಲು ಬಟ್ಟೆ ಹುಡುಕುತ್ತಿದ್ದಳು. ಎತ್ತುಗಳು ನನ್ನ ಮುಖ ನೋಡಿದವು.