ಎಕರೆಗೆ ಎಷ್ಟು ಚೀಲ?

ದಿಢೀರನೆ ದೊಡ್ಡವರಾದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೊಟ್ಟೆಕಿಚ್ಚು ಅನ್ನುವವರು ಅನ್ನಲಿ. ಜಮಖಂಡಿ ಕೋರ್ಟಿನಲ್ಲಿ ನಾನು ವಕೀಲಳಾಗಿ ಸೇರಿದ ಕಾಲಕ್ಕೆ ಬೀಳಗಿ ಕಡೆಯ ಹೊಲಗಳು ಅಣೆಕಟ್ಟಿನ ಹಿನ್ನೀರಿಗೆ ಹೋಗುತ್ತಿದ್ದವು. ರೈತರು ಮುಳುಗುತ್ತಿದ್ದರು, ವಕೀಲರು ತೇಲುತ್ತಿದ್ದರು.

ನಮ್ಮ ಸೀನಿಯರ್ ಹತ್ತಿರ ಇಬ್ಬರು ಜೂನಿಯರ್‌ಗಳು: ನಾನು, ಮತ್ತು ಮುಧೋಳದಿಂದ ಬರುತ್ತಿದ್ದ ಒಬ್ಬ ಮಹಾಶಯ. ಸೀನಿಯರ್ ಅವರದು ಒಂದು ವಿಚಿತ್ರ ಪದ್ಧತಿ. ಮೊದಮೊದಲು ನಮಗೆ ಕೋರ್ಟಿನಲ್ಲಿ ಬಾಯಿ ಬಿಡಲು ಅಪ್ಪಣೆ ಇರಲಿಲ್ಲ. ದಿನವಿಡೀ ಸಾಕ್ಷಿಗಳ ಮಾತು ಕೇಳುತ್ತ ಕೂಡಬೇಕು. ಸಂಜೆ ಆಫೀಸಿನಲ್ಲಿ, ಯಾವ ವಕೀಲ ಯಾವ ಪ್ರಶ್ನೆಯನ್ನು ಕೇಳಬಾರದಿತ್ತು ಎಂದು ಒಪ್ಪಿಸಬೇಕು. ಸಾವಳಗಿಗೆ ಹೋಗುವ ನನ್ನ ಬಸ್ಸು ತಪ್ಪಿದಾಗಲೆಲ್ಲ ಅವರನ್ನು ಮನಸ್ಸಿನಲ್ಲೇ ಶಪಿಸಿದ್ದೇನೆ.

ಮಹಾಶಯನಿಗೆ ಅಷ್ಟು ತಾಳ್ಮೆ ಎಲ್ಲಿಯದು? ವರ್ಷ ತುಂಬುವ ಮೊದಲೇ ಸ್ವಂತ ಬೋರ್ಡು ಹಾಕಿ ಮುಳುಗಡೆ ಕೇಸುಗಳಿಗೆ ಕೈ ಹಾಕಿದ. ಎಲ್ಲವೂ ಒಂದೇ ಅಚ್ಚಿನ ಕೇಸುಗಳು. ಹೊಲ ಕಳೆದುಕೊಂಡವನನ್ನು ಕಟಕಟೆಗೆ ಹತ್ತಿಸಿ, ಏನು ಬೆಳೆಯುತ್ತಿದ್ದಿರಿ, ಎಕರೆಗೆ ಎಷ್ಟು ಚೀಲ, ಬದುವಿನ ಮೇಲೆ ಎಷ್ಟು ಗಿಡ ಎಂದು ಕೇಳುವುದು. ಅದನ್ನೇ ತೋರಿಸಿ ಹೆಚ್ಚಿನ ಪರಿಹಾರ ಬೇಡುವುದು. ಗಿಳಿಗೂ ಕಲಿಸಬಹುದಾದ ವಿದ್ಯೆ. ಅಷ್ಟಕ್ಕೇ ಅವನಿಗೆ ಕಾರು ಬಂತು, ಸನ್ಮಾನ ಬಂತು, ಕಾಲೇಜು ಹುಡುಗರಿಗೆ ಯಶಸ್ಸಿನ ಗುಟ್ಟು ಹೇಳಲು ಕರೆಯೂ ಬಂತು.

"ಏನ್ರೀ ಮೇಡಂ, ಇನ್ನೂ ಸಾಹೇಬ್ರ ಬ್ಯಾಗಽ ಹೊರಾಕತ್ತೀರೇನು?" ಎಂದು ಬಾರ್ ರೂಮಿನಲ್ಲಿ ಎಲ್ಲರೆದುರು ನಗುತ್ತಿದ್ದ. ಹೊರುತ್ತಿದ್ದೆ, ಹೌದು. ನಾಚಿಕೆಯೂ ಆಗುತ್ತಿತ್ತು.

ಕೆಲವು ವರ್ಷಗಳ ಮೇಲೆ ಅವನು ನನ್ನೆದುರಿಗೇ ಬಂದ. ಬೀಳಗಿ ಕಡೆಯ ಒಬ್ಬ ವಿಧವೆ ನನ್ನ ಕಕ್ಷಿದಾರಳು. ಗಂಡನ ಹೊಲ ಮುಳುಗಡೆಯಾಗಿತ್ತು. 'ಅಣ್ಣ ಸತ್ತ ವರ್ಷವೇ ಇವಳು ಹಕ್ಕು ಬಿಟ್ಟುಕೊಟ್ಟು ತವರಿಗೆ ಹೋದಳು, ಆಮೇಲೆ ಹೊಲದಲ್ಲಿ ಕಾಲಿಟ್ಟಿಲ್ಲ' ಎಂದು ಹೇಳಿ ಅವಳ ಮೈದುನ ಪರಿಹಾರವನ್ನೂ ಪುನರ್ವಸತಿ ಕೇಂದ್ರದ ಜಾಗವನ್ನೂ ನುಂಗಲು ನಿಂತಿದ್ದ. ಸೋತರೆ ಅವಳಿಗೆ ಸೂರೇ ಇರಲಿಲ್ಲ. ಮೈದುನನ ವಕೀಲ ನಮ್ಮ ಮಹಾಶಯ.

ಕಟಕಟೆಯಲ್ಲಿದ್ದ ಅವಳ ಪಾಟೀಸವಾಲಿಗೆ ಎದ್ದ. ಒಂದೆರಡು ಪ್ರಶ್ನೆ ಸರಿಯಾಗಿಯೇ ಕೇಳಿ, ಮುಂದೇನು ಎಂದು ತಿಳಿಯದೆ ತಡವರಿಸಿದ. ಆಗ ಬಾಯಿಗೆ ರೂಢಿಯಾದದ್ದೇ ಹೊರಬಿತ್ತು.

"ಆ ಹೊಲದಾಗ ಏನ ಬೆಳಿತಿದ್ರಿ? ಎಕರೇಕ ಎಷ್ಟ ಚೀಲ?"

ಅಲ್ಲಿಯವರೆಗೆ ಹೆದರಿ ಹೌದು, ಇಲ್ಲ ಎನ್ನುತ್ತಿದ್ದವಳ ಮುಖ ಅರಳಿತು.

"ಬಿಳಿಜ್ವಾಳ ರೀ ಸಾಹೇಬ್ರ. ಅವ್ರು ಸತ್ತ ವರ್ಷ ಮಳಿ ಕೈ ಕೊಟ್ಟಿತು. ಮರುವರ್ಷ ನಾನಽ ನಿಂತು ಬಿತ್ತಿಸಿದೆ, ಎಕರೇಕ ಆರು ಚೀಲ ಬಂತು. ಅದರ ಮುಂದಿನ ವರ್ಷ ಕಡ್ಲಿ ಹಾಕಿದೆ. ಈ ಮೈದುನಗಽ ಬೀಜಕ್ಕ ಕೊಟ್ಟೇನಿ, ಕೇಳ್ರಿ ಬೇಕಾದ್ರ."

ಮೈದುನ ನೆಲ ನೋಡತೊಡಗಿದ. ಮಹಾಶಯನಿಗೆ ಅದೂ ಕಾಣಲಿಲ್ಲ. ಬದುವಿನ ಮೇಲೆ ಗಿಡ ಎಷ್ಟು ಎಂದು ಹುರುಪಿನಿಂದ ಕೇಳಿದ. ಎರಡು ಬೇವು, ಒಂದನ್ನು ಗಂಡ ಸತ್ತ ಮೇಲೆ ತಾನೇ ನೆಟ್ಟಿದ್ದು ಎಂದಳು. ನ್ಯಾಯಾಧೀಶರು ಎಲ್ಲವನ್ನೂ ಬರೆಸಿದರು. ಎದ್ದು ನಾನೂ ನಾಲ್ಕು ಪ್ರಶ್ನೆ ಕೇಳಬೇಕೆಂದು ನಾಲಿಗೆ ತುರಿಸುತ್ತಿತ್ತು. ಕೇಳಲಿಲ್ಲ. ಆ ತುರಿಕೆ ತಡೆಯುವುದನ್ನು ಕಲಿಯಲಿಕ್ಕೇ ಅಷ್ಟು ವರ್ಷ ಬ್ಯಾಗು ಹೊತ್ತಿದ್ದೆ.

"ಭಾಳ ಮಾತಾಡಿದ್ನೇನ್ರೀ ಅಕ್ಕಾರ?" ಎಂದು ಅವಳು ಹೊರಗೆ ಅಂಜುತ್ತ ಕೇಳಿದಳು.

"ಇಲ್ಲವ್ವಾ, ಛಲೋ ಹೇಳಿದಿ."

ತೀರ್ಪು ಅವಳ ಕಡೆಗಾಯಿತು. ಪುನರ್ವಸತಿ ಕೇಂದ್ರದ ಆ ಜಾಗದಲ್ಲಿ ಮನೆ ಕಟ್ಟಿಸಿಕೊಂಡಳು. ಮಹಾಶಯ ಮಾತ್ರ, ನ್ಯಾಯಾಧೀಶರಿಗೆ ಹೆಣ್ಣುಮಕ್ಕಳ ಮೇಲೆ ಕರುಣೆ ಜಾಸ್ತಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಎಲ್ಲಿ ಎಡವಿದೆ ಎಂದು ಒಂದು ಸಲ ಕೇಳಿದ್ದರೆ ಎದುರಿಗೆ ಕೂಡಿಸಿಕೊಂಡು ಹೇಳಿಕೊಡುತ್ತಿದ್ದೆ. ಆದರೆ ಕೇಳಬೇಕಾದರೆ, ಎಡವಿದ್ದೇನೆಂದು ಮೊದಲು ಅವನಿಗೆ ಗೊತ್ತಾಗಬೇಕಲ್ಲ.