ಲೆಕ್ಕದ ಮೇಷ್ಟ್ರ ಹುಳದ ಮನೆ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಹಳೆಯ ಕಂಪ್ಯೂಟರುಗಳ ಸ್ಕ್ರೂಗಳನ್ನು ಆ ಉಗುರಿನಿಂದಲೇ ತಿರುಗಿಸಿ ತಿರುಗಿಸಿ ಹಾಗಾಗಿತ್ತು. ಸ್ಕ್ರೂಡ್ರೈವರ್ ಜೇಬಿನಲ್ಲೇ ಇರುತ್ತಿತ್ತು, ಅದನ್ನು ತೆಗೆಯುವಷ್ಟು ತಾಳ್ಮೆ ಇರುತ್ತಿರಲಿಲ್ಲ. ಬೇರೆ ಎಲ್ಲದಕ್ಕೂ ತಾಳ್ಮೆಯಿತ್ತು. ನನ್ನ ವಿಷಯದಲ್ಲಂತೂ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು.

ಶಿಡ್ಲಘಟ್ಟದ ನಮ್ಮ ಹೈಸ್ಕೂಲಿನಲ್ಲಿ ಅವರು ಲೆಕ್ಕದ ಮೇಷ್ಟ್ರು, ನಾನು ಕನ್ನಡದ ಟೀಚರು. ಯಾವುದೋ ಕಚೇರಿಯವರು ಗುಜರಿಗೆ ಹಾಕಲಿದ್ದ ಎಂಟು ಕಂಪ್ಯೂಟರುಗಳನ್ನು ಅವರು ಆಟೋದಲ್ಲಿ ಹೇರಿಕೊಂಡು ಬಂದು, ಎಲ್ಲಕ್ಕೂ ಲಿನಕ್ಸ್ ಹಾಕಿದರು. ಯಾರು ಬೇಕಾದರೂ ಒಳಗೆ ಏನಿದೆಯೆಂದು ನೋಡಬಹುದಾದ, ಪುಕ್ಕಟೆಯಾಗಿ ಹಂಚಿಕೊಳ್ಳಬಹುದಾದ ಸಿಸ್ಟಂ ಅದು. ಸತ್ತೇ ಹೋಗಿವೆ ಎಂದುಕೊಂಡಿದ್ದ ಯಂತ್ರಗಳು ಎದ್ದು ಕೂತವು. ಪರದೆಯ ಮೇಲೆ ಎಲ್ಲವೂ ಕನ್ನಡದಲ್ಲಿ ಬಂತು. ಕನ್ನಡದ ಟೀಚರಾದ ನನಗೆ ಅದು ದೊಡ್ಡದೆನಿಸಲಿಲ್ಲ. ಪುಕ್ಕಟೆ ಎಂಬ ಮಾತೊಂದೇ ನನ್ನ ಕಿವಿಯಲ್ಲಿ ನಿಂತಿತು.

ಆ ಕೋಣೆಗೆ ನಾವಿಟ್ಟ ಹೆಸರು ‘ಹುಳದ ಮನೆ’. ರೇಷ್ಮೆ ಹುಳ ಸಾಕುವ ಕೋಣೆಗೆ ನಮ್ಮ ಕಡೆ ಕಂಡಕಂಡವರನ್ನು ಬಿಡುವುದಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ಅದ್ದಿದ ಗೋಣಿಚೀಲ ತುಳಿದೇ ಒಳಗೆ ಹೋಗಬೇಕು. ಮೇಷ್ಟ್ರದ್ದೂ ಅದೇ ಮಡಿ. ಯಾರ ಪೆನ್‌ಡ್ರೈವ್ ಆದರೂ ಮೊದಲು ಅವರ ಕೈಗೆ ಹೋಗಬೇಕು. ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಪಾಸ್‌ವರ್ಡ್ ಕೊಟ್ಟೇ ಕೂರಬೇಕು. ಶನಿವಾರ ಬಂತೆಂದರೆ ಎಲ್ಲ ಕಡತಗಳ ಎರಡನೇ ಪ್ರತಿ ತೆಗೆದು ಮನೆಗೆ ಒಯ್ಯುತ್ತಿದ್ದರು. ಮೇಷ್ಟ್ರ ರಜಾಚೀಟಿಗೂ ಎರಡನೇ ಪ್ರತಿ ಇರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ನಗಿಸುತ್ತಿದ್ದವಳು ನಾನೇ.

“ಪುಕ್ಕಟೆ ಸಿಗೋದನ್ನ ನಂಬೋದು ಹೆಂಗೆ ಮೇಷ್ಟ್ರೇ?” ಎಂದು ಒಮ್ಮೆ ಕೆಣಕಿದ್ದೆ.

“ಏಮ್ಮಾ, ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿ ಬಾಯಿ ಹೊಲಿದ ಮೂಟೆ ಯಾರಾದ್ರೂ ಕೊಳ್ತಾರಾ? ಸುರೀಬೇಕು, ಬಂದೋರೆಲ್ಲ ಕೈಯಾಡಿಸಿ ನೋಡ್ಬೇಕು. ಇದು ಸುರಿದಿಟ್ಟಿರೋ ಗೂಡಮ್ಮ. ನನಗೆ ಗೊತ್ತಾಗ್ದೆ ಇದ್ರೂ, ಗೊತ್ತಾಗೋರು ಸಾವಿರ ಜನ ನೋಡ್ತಿರ್ತಾರೆ. ಹುಳುಕು ಕಂಡ್ರೆ ತೆಗೀತಾರೆ.”

ಒಂದು ವರ್ಷ ಶಾಲಾ ವಾರ್ಷಿಕೋತ್ಸವದ ಪ್ರಶಸ್ತಿಪತ್ರಗಳ ಕೆಲಸ ನನಗೆ ಬಿತ್ತು. ಚಿಂತಾಮಣಿಯ ಪ್ರೆಸ್ಸಿನವನೊಬ್ಬ ಮಾಡಿಕೊಟ್ಟ ನಮೂನೆ ಲಿನಕ್ಸ್‌ನಲ್ಲಿ ತೆರೆದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. “ಎರಡು ದಿನ ತಡಿಯಮ್ಮ, ಟ್ರೈನಿಂಗ್ ಮುಗಿಸ್ಕೊಂಡು ಬಂದು ಹೊಸದಾಗಿ ಮಾಡಿಕೊಡ್ತೀನಿ,” ಎಂದು ಹೇಳಿ ಮೇಷ್ಟ್ರು ಚಿಕ್ಕಬಳ್ಳಾಪುರಕ್ಕೆ ಹೋದರು. ನನಗೆ ತಡೆಯುವ ಮನಸ್ಸಿರಲಿಲ್ಲ. ಪ್ರೆಸ್ಸಿನವನು ಪೆನ್‌ಡ್ರೈವ್‌ನಲ್ಲಿ, ದುಡ್ಡು ಕೊಟ್ಟು ಕೊಳ್ಳಬೇಕಾದ ಸಿಸ್ಟಮ್ಮೊಂದರ ಕದ್ದ ಪ್ರತಿಯನ್ನು ಹಾಕಿಕೊಟ್ಟ. ಆರನೇ ಕಂಪ್ಯೂಟರಿನ ಲಿನಕ್ಸ್ ಅಳಿಸಿ ಅದನ್ನು ಹಾಕಿದೆ. ನನ್ನ ಹೆಸರು, ಪಾಸ್‌ವರ್ಡ್ ಕೊಟ್ಟು ಎಲ್ಲರ ಕಡತಗಳಿದ್ದ ಮೊದಲನೇ ಕಂಪ್ಯೂಟರಿಗೂ ಜೋಡಿಸಿದೆ. ನಾನು ಹುಳ ಸಾಕುವವರ ಮನೆಯಲ್ಲೇ ಹುಟ್ಟಿದವಳು. ಹುಳ ಪೊರೆ ಬಿಡಲು ಜ್ವರಕ್ಕೆ ಕೂತಿದ್ದಾಗ ಅಮ್ಮ ತನ್ನ ಸ್ವಂತ ತಮ್ಮನನ್ನೇ ಹೊಸ್ತಿಲಾಚೆ ನಿಲ್ಲಿಸಿ ಮಾತಾಡಿಸುತ್ತಿದ್ದುದನ್ನು ಕಂಡವಳು. ಆದರೂ ಯಾರದೋ ಕಾಲಿನ ಕೊಳೆಯನ್ನು ನೇರ ಒಳಕ್ಕೆ ತಂದೆ.

ಪ್ರಶಸ್ತಿಪತ್ರಗಳು ಚೆನ್ನಾಗಿ ಬಂದವು. ಎಲ್ಲರೂ ಹೊಗಳಿದರು. ಮೂರನೇ ದಿನ, ಮೇಷ್ಟ್ರು ಟ್ರೈನಿಂಗ್ ಮುಗಿಸಿ ಬರುವ ಹೊತ್ತಿಗೆ, ಶಾಲೆಯ ಒಂದು ಕಡತವೂ ತೆರೆಯಲಿಲ್ಲ. ಹತ್ತನೇ ತರಗತಿಯ ಆಂತರಿಕ ಅಂಕಗಳೂ ಅದರಲ್ಲೇ ಇದ್ದವು, ಮಾರನೆಯ ದಿನ ಅವನ್ನು ಕಳಿಸಬೇಕಿತ್ತು. ಪೆನ್‌ಡ್ರೈವ್‌ನ ಜೊತೆ ಬಂದ ವೈರಸ್ ಎಲ್ಲಕ್ಕೂ ಬೀಗ ಜಡಿದಿತ್ತು; ಹಣ ಕೊಟ್ಟರೆ ಬಿಡಿಸುತ್ತೇವೆ ಎಂಬ ಇಂಗ್ಲಿಷ್ ಒಕ್ಕಣೆ ಆರನೇ ಕಂಪ್ಯೂಟರಿನ ಪರದೆಯ ಮೇಲಿತ್ತು. ನಾನು ಸದ್ದಿಲ್ಲದೆ ಹೋಗಿ ಆರನೆಯದರ ಸ್ವಿಚ್ ಆರಿಸಿದೆ.

ಹೆಡ್‌ಮಾಸ್ಟರ ಕೋಣೆಯಲ್ಲಿ ನಮ್ಮೆಲ್ಲರ ಮುಂದೆ ಆಡಳಿತ ಮಂಡಳಿಯ ಕಾರ್ಯದರ್ಶಿ ಮೇಷ್ಟ್ರನ್ನು ನಿಲ್ಲಿಸಿಯೇ ಮಾತಾಡಿದರು. “ಪುಕ್ಕಟೆ ಸಾಮಾನು ಹಾಕ್ಬೇಡಿ ಅಂತ ಆವಾಗಲೇ ಹೇಳಿದ್ದೆ. ಈಗ ಯಾರು ಜವಾಬ್ದಾರಿ?” ಮೇಷ್ಟ್ರು ಒಮ್ಮೆ ನನ್ನ ಕಡೆ ನೋಡಿದರು. ಸುಮ್ಮನಿದ್ದಿದ್ದರೂ ನನ್ನ ಪಾಪ ಅರ್ಧಕ್ಕೆ ನಿಲ್ಲುತ್ತಿತ್ತೇನೋ. ಭಯಕ್ಕೆ ನಾಲಿಗೆ ತಾನಾಗಿ ಹೊರಳಿತು.

“ನನಗೂ ಮೊದಲಿಂದ ಅದರ ಮೇಲೆ ಅನುಮಾನಾನೇ ಸರ್,” ಎಂದೆ.

“ಮಕ್ಕಳ ಅಂಕ ಮನೇಲಿದೆ, ಇನ್ನೊಂದು ಪ್ರತಿ. ಸಂಜೆಯೊಳಗೆ ತರ್ತೀನಿ,” ಎಂದಷ್ಟೇ ಹೇಳಿ ಮೇಷ್ಟ್ರು ಹೊರಟರು. ತಂದೂ ತಂದರು. ಒಂದು ಮಗುವಿನ ಅಂಕವೂ ತಪ್ಪಲಿಲ್ಲ. ಹಾಗಿದ್ದೂ ಮಂಡಳಿಯವರು ಅವರಿಂದ ಕೋಣೆಯ ಬೀಗದ ಕೈ ಕಿತ್ತುಕೊಂಡರು. ಲಿನಕ್ಸ್ ತೆಗೆಸಿ ದುಡ್ಡು ಕೊಟ್ಟು ಹಾಕಿಸಿದ ಹೊಸ ಸಿಸ್ಟಮ್ಮಿನ ಭಾರಕ್ಕೆ ಆ ಮುದಿ ಯಂತ್ರಗಳು ಏಳಲಾರದೆ ಉಗ್ರಾಣ ಸೇರಿದವು. ಮೇಷ್ಟ್ರು ಉಳಿದೆರಡು ವರ್ಷ ಸೀಮೆಸುಣ್ಣ ಹಿಡಿದೇ ಕಳೆದರು. ಉಗುರು ಬೆಳೆದು ಸೀಳು ಕೂಡಿಕೊಂಡಿತು. ಅದನ್ನು ನೋಡಲಾಗದೆ ನಾನು ಊಟಕ್ಕೆ ಬೇರೆ ಬೆಂಚಿಗೆ ಹೋಗುತ್ತಿದ್ದೆ.

ನಿವೃತ್ತಿಯ ದಿನ ಅವರು ನನ್ನನ್ನು ಕರೆದು ಮಡಿಸಿದ ಕಾಗದವೊಂದನ್ನು ಕೊಟ್ಟರು. ಯಾರು ಯಾವಾಗ ಬಂದರು, ಏನು ಮಾಡಿದರು ಎಂದು ಮೊದಲನೇ ಕಂಪ್ಯೂಟರು ತಾನಾಗಿ ಬರೆದಿಟ್ಟುಕೊಳ್ಳುವ ದಾಖಲೆಯ ಪುಟ. ಆರನೇ ಕಂಪ್ಯೂಟರಿನಿಂದ ನನ್ನ ಹೆಸರು, ಗಂಟೆ, ನಿಮಿಷ, ಕೆಟ್ಟುಹೋದ ಕಡತಗಳು ಸಾಲಾಗಿ. ಎರಡು ವರ್ಷ ಅದನ್ನು ಅವರು ಯಾರಿಗೂ ತೋರಿಸಿರಲಿಲ್ಲ.

“ಇಟ್ಕೊಳಮ್ಮ. ಇದರ ಇನ್ನೊಂದು ಪ್ರತಿ ನನ್ನತ್ರ ಇಲ್ಲ,” ಎಂದರು.

ಕ್ಷಮೆ ಕೇಳಬೇಕಿತ್ತು. “ಥ್ಯಾಂಕ್ಸ್ ಮೇಷ್ಟ್ರೇ” ಎಂದು ಬಂದುಬಿಟ್ಟೆ.

ಹೋದ ತಿಂಗಳು ಅವರು ತೀರಿಕೊಂಡರು. ಶಾಲೆಯ ಸಂತಾಪ ಸಭೆಯಲ್ಲಿ ಅದೇ ಕಾರ್ಯದರ್ಶಿ, “ಕಂಪ್ಯೂಟರ್ ವಿಷಯ ಒಂದು ಬಿಟ್ರೆ ಅವರಂಥ ಮೇಷ್ಟ್ರು ಸಿಗಲ್ಲ,” ಎಂದರು. ಕಾಗದ ನನ್ನ ಪರ್ಸಿನಲ್ಲೇ ಇತ್ತು. ಏಳಬೇಕೆಂದುಕೊಂಡೆ. ಏಳಲಿಲ್ಲ. ಎಲ್ಲರ ಜೊತೆ ಒಂದು ನಿಮಿಷ ಮೌನ ಆಚರಿಸಿದೆ, ಅದು ನನಗೆ ಚೆನ್ನಾಗಿ ಬರುವ ಕೆಲಸ.

ಆ ಕೋಣೆ ಕೆಡಿಸಿದ್ದು ಲಿನಕ್ಸ್ ಅಲ್ಲ, ಮೇಷ್ಟ್ರಲ್ಲ. ಆರನೇ ಕಂಪ್ಯೂಟರಿನ ಮುಂದೆ ಕೂತಿದ್ದವಳು ನಾನು. ಅವರು ಮಾಡಿಟ್ಟುಕೊಳ್ಳದ ಎರಡನೇ ಪ್ರತಿಯನ್ನು ಇವತ್ತು ನಾನೇ ಬರೆಯುತ್ತಿದ್ದೇನೆ.