ಮಾತಾಡದ ಎರಡು ಪೆಟ್ಟಿಗೆ

ಅವರ್ಸಾದಲ್ಲಿ ನಮ್ಮ ಮನೆಯನ್ನು ಅಜ್ಜ ಕಟ್ಟಿಸಿದ್ದು ಒಂದೇ ಮನೆಯಾಗಿ. ಆಸ್ತಿ ಹಿಸೆಯಾದಾಗ ಅಪ್ಪ, ದೊಡ್ಡಪ್ಪ ಸೇರಿ ನಡುವೆ ಒಂದು ಗೋಡೆ ಎಬ್ಬಿಸಿದರು. ಚಿರೇಕಲ್ಲು ಸಾಲಲಿಲ್ಲವೋ, ಗಾಳಿಯಾದರೂ ಆಡಲಿ ಅಂದುಕೊಂಡರೋ, ಆ ಗೋಡೆ ಆಳೆತ್ತರ ದಾಟಿ ಎರಡು ಮೊಳ ಹೋಗಿ ಅಲ್ಲಿಗೇ ನಿಂತಿತು. ಅದರ ಮೇಲೆ ಹೆಂಚಿನ ಮಾಡಿನವರೆಗೂ ಬರೀ ಬಯಲು. ನಾನು ಹೇಳುತ್ತಿರುವ ಕಾಲಕ್ಕೆ ಅಪ್ಪನೂ ಇರಲಿಲ್ಲ, ದೊಡ್ಡಪ್ಪನೂ ಇರಲಿಲ್ಲ. ಈ ಕಡೆ ನಾನು ಮತ್ತು ನನ್ನ ಅಮ್ಮ, ಅಂದರೆ ಆಯಿ. ಆ ಕಡೆ ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡಾಯಿ, ಮತ್ತು ಅವಳ ಮಗಳು. ನನಗೆ ತಂಗಿಯಾಗಬೇಕು.

ದೊಡ್ಡಾಯಿಗೆ ಒಂದು ನಂಬಿಕೆ. ಕೂಗಿದ್ದು ಗೋಡೆ ದಾಟುತ್ತದೆ, ಆಡಿದ್ದು ದಾಟುವುದಿಲ್ಲ. ನಮ್ಮ ಆಯಿ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ನಾನು ಹಗಲೆಲ್ಲ ಕಾರವಾರದ ಕಚೇರಿಯಲ್ಲಿ. ನಮ್ಮ ಕಡೆಯಿಂದ ಅವಳ ಕಿವಿಗೆ ಬೀಳುವಂಥದ್ದೇ ಏನೂ ಇರಲಿಲ್ಲ. ಅವಳು ನಮ್ಮಲ್ಲಿಗೆ ಬಂದು ಕೂತಾಗ ಆ ಕಡೆ ಮಾತಾಡುವವರು ಯಾರೂ ಉಳಿಯುತ್ತಿರಲಿಲ್ಲ. ತಂಗಿ ಹೊಲಿಗೆ ಯಂತ್ರ ತುಳಿಯುವವಳು, ತುಟಿಯಲ್ಲಿ ಸದಾ ದಾರವೋ ಸೂಜಿಯೋ. ಹೀಗಾಗಿ ನಂಬಿಕೆ ಸುಳ್ಳಾಗುವ ಪ್ರಸಂಗವೇ ಬಂದಿರಲಿಲ್ಲ.

ನಿಜವೇನೆಂದರೆ ಆ ಕಡೆಯ ಪಿಸುಮಾತೂ ಹೆಂಚಿಗೆ ತಾಗಿ ನೆಟ್ಟಗೆ ನಮ್ಮ ಪಡಸಾಲೆಗೆ ಇಳಿಯುತ್ತಿತ್ತು. ನಾನು ಮಾತು ಕಲಿತದ್ದೇ ಹಾಗೆ. ದೀಪ ಹಚ್ಚಿದ ಮೇಲೆ ದೊಡ್ಡಾಯಿ ಮಗಳ ಎದುರು ಕೂತು ತವರಿನ ಸುದ್ದಿ, ಮೀನಿನವಳ ಜೊತೆ ಆದ ಚೌಕಾಸಿ, ಸತ್ತವರ ಬಡಿವಾರ, ಬದುಕಿದವರ ಹುಳುಕು, ಎಲ್ಲವನ್ನೂ ಅವರವರ ದನಿಯಲ್ಲೇ ಹೇಳುವಳು. ನಾನು ಈ ಕಡೆ ಶಾಲೆಯ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಓದಿದ್ದು ಅಷ್ಟಕ್ಕಷ್ಟೆ. ಆ ಸುದ್ದಿಗಳಲ್ಲಿ ನಮ್ಮ ಆಯಿಯೂ ಬಂದು ಹೋಗುವಳು. "ನಮ್ಮ ವಾರಗಿತ್ತಿ ಮೀನು ಸಾರು ಮಾಡಿದ್ರೆ ಮೀನಿಗೇ ಬೇಜಾರು" ಅನ್ನುವ ಮಾತು ನಾನು ಎಷ್ಟು ಸಲ ಕೇಳಿದ್ದೇನೋ. ಆಯಿ ಬಸಳೆ ಹೆಚ್ಚುತ್ತಿದ್ದರೆ ಹೆಚ್ಚುತ್ತಲೇ ಇರುವಳು. ಆಯಿಯ ಕಟ್ಟಳೆ ಒಂದೇ: ಗೋಡೆ ಮೇಲಿಂದ ಬಂದದ್ದು ಕೇಳಿದ ಹಾಗಲ್ಲ. ಅಂಗಳಕ್ಕೆ ಬಂದು ಹೇಳಿದರೆ ಮಾತ್ರ ಕೇಳಿದ ಹಾಗೆ. ಕಡುಬಿಗೆ ಅಕ್ಕಿ ನೆನೆ ಹಾಕಿದ್ದು ಹಿಂದಿನ ದಿನವೇ ಗೊತ್ತಿದ್ದರೂ, ಮರುದಿನ ಕಡುಬು ಬಂದಾಗ "ಅಯ್ಯ, ಇವತ್ತೆಂತ ವಿಶೇಷ?" ಅನ್ನುವಳು.

ಇಂಥ ಮನೆಗೆ ನಾನು ಹೋಮ್ ಥಿಯೇಟರ್ ತಂದೆ.

ಎರಡು ಸಾವಿರದ ನಾಲ್ಕೋ ಐದೋ ಇಸವಿ. ಕಚೇರಿಯ ಗೆಳೆಯನ ಮನೆಯಲ್ಲಿ ಒಂದು ಸಿನಿಮಾ ನೋಡಿದ್ದೆ. ಕುದುರೆಗಳು ಬೆನ್ನ ಹಿಂದಿನಿಂದ ಬಂದು ತಲೆಯ ಮೇಲೆ ಹಾದು ಟೀವಿಯೊಳಗೆ ಹೋದವು. ಅವತ್ತಿನಿಂದ ನನಗೆ ಸಮಾಧಾನ ಇಲ್ಲ. ಒಳ್ಳೆಯ ಕಂಪನಿಯದ್ದು ಕೈಗೆ ಎಟಕುವಂತಿರಲಿಲ್ಲ. ದೀಪಾವಳಿಗೆ ಡಿವಿಡಿ ಪ್ಲೇಯರ್ ತಂದು, ಸಂಕ್ರಾಂತಿ ಕಳೆದ ಮೇಲೆ ಕಾರವಾರದ ಒಂದು ಸಣ್ಣ ಅಂಗಡಿಯಲ್ಲಿ ಹೆಸರಿಲ್ಲದ ಸೆಟ್ ಹಿಡಿದೆ. ಐದು ಸಣ್ಣ ಪೆಟ್ಟಿಗೆ, ಗುಡುಗುವುದಕ್ಕೆ ಒಂದು ದೊಡ್ಡದು. ಜೊತೆಗೆ ಕೊಟ್ಟ ವಯರ್ ಹಿಂದಿನ ಗೋಡೆಗೆ ಮುಟ್ಟಲಿಲ್ಲ. ಮನೆ ವೈರಿಂಗಿನಲ್ಲಿ ಉಳಿದಿದ್ದ ಕೆಂಪು-ಕಪ್ಪು ವಯರ್ ಸೇರಿಸಿ, ಬಲೆ ಹೊಲಿಯುವ ನೈಲಾನ್ ನೂಲಿನಿಂದ ಮಾಡಿನ ರೀಪಿಗೆ ಕಟ್ಟಿದೆ. ಬೆಂಚಿನ ಬೆನ್ನು ನಡುಗೋಡೆಗೆ. ಹಾಗಾಗಿ ಹಿಂದಿನ ಎರಡು ಪೆಟ್ಟಿಗೆಗಳನ್ನು ಆ ಗೋಡೆಗೇ, ಎತ್ತರದಲ್ಲಿ, ಮೊಳೆ ಹೊಡೆದು ತೂಗು ಹಾಕಿದೆ.

ದೊಡ್ಡದು ಗುಡುಗಿತು. ಹೆಂಚೆಲ್ಲ ಅದುರಿ ವರ್ಷಗಳ ಮಸಿ ನಮ್ಮ ತಲೆ ಮೇಲೆ ಉದುರಿತು. ಮುಂದಿನ ಮೂರು ಮಾತಾಡಿದವು. ಹಿಂದಿನ ಎರಡು ಮಾತ್ರ ಸುಮ್ಮನಿದ್ದವು.

ಮೊಳೆ ಹೊಡೆದ ಸದ್ದಿಗೇ ದೊಡ್ಡಾಯಿ ಬಂದು ಬಾಗಿಲಲ್ಲಿ ನಿಂತಿದ್ದಳು.

"ತಮಾ, ಎಲ್ಲಾ ಪೆಟ್ಟಿಗೆ ಆ ಬದಿಗಿಟ್ಟು ಎರಡು ಮಾತ್ರ ನಮ್ಮ ಗೋಡೆಗೆ ಎಂತಕ್ಕೆ?"

"ಹಿಂದಿಂದ ಶಬ್ದ ಬರೂಕೆ, ದೊಡ್ಡಾಯಿ."

"ಬತ್ತದ್ಯಾ?"

"ಸದ್ಯಕ್ಕಿಲ್ಲ."

ಅವಳು ಆ ಪೆಟ್ಟಿಗೆಗಳನ್ನು ಒಂದರ ನಂತರ ಒಂದು ನೋಡಿದಳು. "ಮಾತಾಡೂದಿಲ್ಲ ಅಂದ್ಮೇಲೆ ಅಲ್ಲಿ ಕೂತು ಎಂತ ಮಾಡ್ತದೆ? ಜಗುಲಿ ಮೇಲೆ ಬಾಯಿ ಮುಚ್ಚಿ ಕೂತವ್ರನ್ನ ನಾ ಬೇಕಷ್ಟು ನೋಡಿದ್ದೆ. ಅವ್ರು ಮಾಡೂದು ಒಂದೇ ಕೆಲ್ಸ, ಕಿವಿ ಕೊಡೂದು."

ಮೂಲೆಯಲ್ಲಿ ಕೂತಿದ್ದ ಆಯಿ ತಲೆ ಎತ್ತಲಿಲ್ಲ.

ದೊಡ್ಡಾಯಿಯ ಅನುಮಾನಕ್ಕೆ ಬುಡ ಇತ್ತು. ಹಿಂದಿನ ವರ್ಷ ತಂಗಿಗೆ ಒಂದು ಸಂಬಂಧ ಕೂಡಿ ಬಂದು ಕಡೆಗೆ ಮುರಿದಿತ್ತು. ಹುಡುಗಿಯ ವಯಸ್ಸು ಎರಡು ವರ್ಷ ಇಳಿಸಿ ಹೇಳಿದ್ದಾರೆ ಅಂತ ಗಂಡಿನ ಕಡೆಗೆ ಯಾರೋ ಮುಟ್ಟಿಸಿದ್ದರು. ಯಾರು ಅನ್ನುವುದು ತಿಳಿಯಲಿಲ್ಲ. ಅವತ್ತಿನಿಂದ ದೊಡ್ಡಾಯಿ ಹಾಲಿನವನನ್ನೂ ಸಂಶಯದಿಂದಲೇ ನೋಡುತ್ತಿದ್ದಳು. ಇನ್ನೊಂದು ಸಂಬಂಧ ಕೈತಪ್ಪಿದರೆ ಮಗಳು ಹೊಲಿಗೆ ಯಂತ್ರದ ಮುಂದೆಯೇ ಮುದುಕಿಯಾಗುತ್ತಾಳೆ ಅನ್ನುವ ಭಯ ಅವಳಿಗೆ.

ನನ್ನ ಅನುಮಾನ ಬೇರೆ. ಅಂಗಡಿಯವನು ಖಾಲಿ ಪೆಟ್ಟಿಗೆ ಕೊಟ್ಟಿದ್ದಾನೆ ಅಂತ. ಒಂದನ್ನು ಬಿಚ್ಚಿ, ಅವನು ಬದಲಾಯಿಸಬಾರದೆಂದು ಅಡಿಯಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಮಾಡಿ, ಬಟ್ಟೆ ಚೀಲದಲ್ಲಿ ಕಾರವಾರಕ್ಕೆ ಒಯ್ದೆ. ಅವನು ಅದನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿದ ಕೂಡಲೇ ಚೆನ್ನಾಗಿ ಹಾಡಿತು.

"ಪೆಟ್ಟಿಗೆ ಬರೋಬರ್ ಅದೆ. ನೀವು ಹಾಕೂ ಡಿಸ್ಕೇ ಹಳೇದು. ಅದ್ರಲ್ಲಿ ಹಿಂದಿನ ಶಬ್ದವೇ ಇರೂದಿಲ್ಲ."

"ಹೊಸ ಡಿಸ್ಕ್ ಸಿಗೂವರೆಗೆ ಇದು ಸುಮ್ನೆ ಗೋಡೆ ಮೇಲಾ?"

"ಇರ್ಲಿ ಸರ್. ಚಂದ ಕಾಣ್ತದೆ."

ಬಸ್ಸಿನಲ್ಲಿ ಮೂರು ಸಲ ತಿರುಗಿಸಿ ನೋಡಿದೆ. ಗುರುತು ನನ್ನದೇ. ಆದರೂ ನಂಬಿಕೆ ಬರಲಿಲ್ಲ.

ಆ ಭಾನುವಾರ ದೊಡ್ಡಾಯಿಯ ತಮ್ಮ ಬಂದ. ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಕೆಲಸ, ಕರೆಂಟಿನ ವಿಷಯದಲ್ಲಿ ಅವನ ಮಾತೇ ಕಡೆಯ ಮಾತು. ನಮ್ಮ ಪಡಸಾಲೆಯಲ್ಲಿ ಕೈ ಹಿಂದೆ ಕಟ್ಟಿ ಒಂದು ಸುತ್ತು ಹಾಕಿ, ಪ್ಲೇಯರಿನ ಮುಂದೆ ಬಗ್ಗಿ ನಿಂತ. ಅದಕ್ಕೆ ಎರಡು ತೂತು, ಮೇಲೆ ಮೈಕಿನ ಚಿತ್ರ.

"ಇದೆಂತಕ್ಕೆ?"

"ಹಾಡು ಹೇಳೂಕೆ, ಮಾವ. ಮೈಕ್ ಸಿಕ್ಕಿಸಿದ್ರೆ ನಮ್ಮ ದನಿ ಬತ್ತದೆ."

"ನಿಮ್ಮನೇಲಿ ಹಾಡೂದು ಯಾರು? ನಿಮ್ಮ ಆಯಿಯಾ?" ಅವನೊಬ್ಬನೇ ನಕ್ಕ. ಆಮೇಲೆ ಬೆನ್ನಿಗೇ ಬಂದಿದ್ದ ಅಕ್ಕನ ಕಡೆ ತಿರುಗಿ ಪಾಠ ಹೇಳುವವರ ಹಾಗೆ ಹೇಳಿದ: "ಸ್ಪೀಕರ್ ಬೇರೆ ಅಲ್ಲ, ಮೈಕ್ ಬೇರೆ ಅಲ್ಲ. ಒಳಗೆ ಇರೂದು ಅದೇ. ಕರೆಂಟ್ ಕೊಟ್ರೆ ಮಾತಾಡ್ತದೆ. ತಿರುಗಿಸಿ ಕೊಟ್ರೆ ಕೇಳ್ತದೆ."

"ಇವನು ಹೇಳೂದು ಹೌದನಾ, ತಮಾ?"

ಹೌದು ಅಂತ ನಾನೂ ಎಲ್ಲೋ ಓದಿದ್ದೆ. ಅಲ್ಲ ಅನ್ನಲು ಬಾಯಿ ಬರಲಿಲ್ಲ. "ಹೌದು, ಆದ್ರೆ ನಮ್ಮ ವಯರ್ ಆ ತೂತಿಗೆ ಹೋಗ್ಲಿಲ್ಲ" ಅಂದೆ. ದೊಡ್ಡಾಯಿಗೆ 'ಹೌದು' ಅಷ್ಟೇ ಸಾಕಾಯಿತು.

ಅವತ್ತು ಸಂಜೆ ಆ ಕಡೆ ದೀಪ ಹತ್ತಿತು, ಮಾತು ಬರಲಿಲ್ಲ. ಮರುದಿನವೂ ಇಲ್ಲ. ಅವಳು ಮಗಳನ್ನು ಕರೆದುಕೊಂಡು ಬಾವಿಕಟ್ಟೆಗೆ ಹೋಗಿ ಮಾತಾಡಿ ಬರುತ್ತಿದ್ದಳು. ಯಂತ್ರದ ಗಡಗಡ ಮಾತ್ರ ಈಚೆಗೆ ಬರುತ್ತಿತ್ತು. ಮೂವತ್ತು ವರ್ಷ ಕಿವಿಯಲ್ಲಿದ್ದ ದನಿ ನಿಂತುಹೋದರೆ ಮನೆಯೇ ಬೇರೆಯವರದು ಅನ್ನಿಸುತ್ತದೆ. ನಾನು ಟೀವಿ ದೊಡ್ಡದು ಮಾಡುತ್ತಿದ್ದೆ. ಆಯಿ "ಸಣ್ಣ ಮಾಡು" ಅನ್ನುತ್ತಿದ್ದಳು. ಸಣ್ಣ ಮಾಡಿದರೆ ಕೇಳುವುದಕ್ಕೆ ಏನೂ ಇರಲಿಲ್ಲ.

ವಾರ ತಡೆದೆ. ಆಮೇಲೆ ಅಂಗಳದಲ್ಲಿ ಹಪ್ಪಳ ಒಣ ಹಾಕುತ್ತಿದ್ದ ದೊಡ್ಡಾಯಿಯ ಎದುರು ಹೋಗಿ ನಿಂತೆ.

"ದೊಡ್ಡಾಯಿ, ಆ ಪೆಟ್ಟಿಗೆಗೆ ಎಂತದೂ ಕೇಳೂದಿಲ್ಲ."

"ನಾ ಎಂತ ಹೇಳ್ದೆ ಈಗ?"

"ಹೇಳ್ಲಿಲ್ಲ. ಅದ್ಕೇ ಹೇಳ್ತೆ. ಶುಕ್ರವಾರ ಶಿರವಾಡದವ್ರು ಹುಡುಗಿ ನೋಡೂಕೆ ಬತ್ರು ಅಂತ ತಿಳೂಕೆ ನಂಗೆ ಪೆಟ್ಟಿಗೆ ಬೇಕಾ?"

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು. ಶಿರವಾಡದವರ ವಿಷಯ ಅವಳು ನಮಗೆ ಹೇಳಿಯೇ ಇರಲಿಲ್ಲ. ಪೆಟ್ಟಿಗೆ ತೂಗು ಹಾಕುವುದಕ್ಕೂ ಮೊದಲು ಗೋಡೆಯ ಮೇಲಿಂದ ಬಂದದ್ದು ಅದು.

ದೊಡ್ಡಾಯಿ ಕೈಯಲ್ಲಿದ್ದ ಹಪ್ಪಳವನ್ನು ಚಾಪೆಯ ಮೇಲೆ ಇಟ್ಟು, ಅದರ ಅಂಚು ಸರಿ ಮಾಡಿ, ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಹಗಲಲ್ಲಿ ಆ ಬಾಗಿಲು ಹಾಕಿದ್ದನ್ನು ನಾನು ನೋಡಿರಲಿಲ್ಲ.

ಆಯಿಗೆ ಹೇಳಿದೆ. "ಅವಳು ಅಂಗಳಕ್ಕೆ ಬಂದು ಹೇಳೂಕ್ ಮುಂಚೆ ಯಾಕೆ ಆಡ್ದೆ?" ಅಂದಳು, ಅಷ್ಟೆ. ಅವಳ ಮುಖ ನೋಡುತ್ತ ನನಗೂ ಒಂದು ಕೆಟ್ಟ ಅನುಮಾನ ಬಂತು. ಕೇಳಿಯೇಬಿಟ್ಟೆ. "ಆಯಿ, ಹೋದ ವರ್ಷ ವಯಸ್ಸಿನ ಮಾತು ಮುಟ್ಸಿದ್ದು ನೀನಲ್ಲ ತಾನೆ?"

ಅವಳಿಗೆ ಸಿಟ್ಟು ಬರಲಿಲ್ಲ. "ಎಷ್ಟು ಇಳ್ಸಿದ್ರು ಅಂದ್ರು?"

"ಎರಡು ವರ್ಷ."

"ಮೂರು. ಅವಳು ಹುಟ್ಟಿದ ದಿವ್ಸ ಬಿಸಿನೀರು ಕಾಸಿದವ್ಳು ನಾನು. ನಾ ಹೇಳಿದ್ರೆ ತಪ್ಪು ಹೇಳ್ತಿದ್ನಾ?"

ಶುಕ್ರವಾರ ನಾನು ಅರ್ಧ ದಿನ ರಜೆ ಹಾಕಿದೆ. ಪೆಟ್ಟಿಗೆಗಳೆರಡನ್ನೂ ಗೋಡೆಯಿಂದ ಇಳಿಸಿ, ವಯರ್ ಸುತ್ತಿ, ಟವೆಲ್ಲಿನಲ್ಲಿ ಕಟ್ಟಿದೆ. ಆಯಿಯ ಕನ್ನಡಕ ಸರಿ ಮಾಡಿಸುವ ನೆಪದಲ್ಲಿ ಇಬ್ಬರೂ ಅಂಕೋಲೆಗೆ ಹೊರಟೆವು. ಗಂಟನ್ನೂ ನಮ್ಮ ಮನೆಯ ಬೀಗದ ಕೈಯನ್ನೂ ದೊಡ್ಡಾಯಿಯ ಕೈಗೆ ಕೊಟ್ಟೆ.

ಅವಳು ಬೀಗದ ಕೈಯನ್ನು ಬಿಸಿ ಕೆಂಡದ ಹಾಗೆ ಹಿಡಿದಿದ್ದಳು. "ಈ ಗಂಟು ಕೊಟ್ಟು ಬೇರೆ ಪೆಟ್ಟಿಗೆ ಎಲ್ಲೋ ಇಟ್ಟಿರ್ತೆ ನೀನು."

"ಒಳಗೆ ಹೋಗಿ ಹುಡುಕು."

ಬಸ್ ನಿಲ್ದಾಣಕ್ಕೆ ನಡೆಯುವಾಗ ಆಯಿ, "ಅವಳು ಅಕ್ಕಿ ಡಬ್ಬಿನೂ ಬಿಡೂದಿಲ್ಲ, ನೋಡು" ಅಂದಳು.

ತಿರುಗಿ ಬಂದಾಗ ಹೊತ್ತು ಇಳಿದಿತ್ತು. ದೊಡ್ಡಾಯಿ ನಮ್ಮ ಜಗುಲಿಯ ಮೇಲೆ ಒಬ್ಬಳೇ ಕೂತಿದ್ದಳು, ತೊಡೆಯ ಮೇಲೆ ಟವೆಲ್ಲಿನ ಗಂಟು. ಬಂದ ಜನ ಹೋಗಿಯಾಗಿತ್ತು. ನಮ್ಮನ್ನು ನೋಡಿ ಏಳಲಿಲ್ಲ.

"ಹುಡುಕ್ದೆ" ಅಂದಳು. "ಅವ್ರು ಬರೂಕ್ ಮೊದ್ಲೇ. ಮಂಚದಡಿ, ಫೋಟೋ ಹಿಂದೆ, ಎಲ್ಲಾ ಕಡೆ. ಎಂತದೂ ಇರ್ಲಿಲ್ಲ. ಹಂಗೇ ನಿಂತಿದ್ದೆ. ಆ ಕಡೆ ನನ್ನ ತಮ್ಮ ನನ್ನ ಮಗಳ ಹತ್ರ ಹೇಳ್ತಾ ಇದ್ದ, ಅಕ್ಕಂಗೆ ಮರುಳು ಹಿಡ್ದದೆ ಅಂತ. ಮೆಲ್ಲಗೇ ಹೇಳ್ದ. ಅವನು ಸುಣ್ಣದ ಡಬ್ಬಿ ಮುಚ್ಚಳ ತೆಗ್ದದ್ದೂ ಕೇಳ್ತು ನಂಗೆ."

ಅವಳು ನನ್ನನ್ನು ನೋಡುತ್ತಿರಲಿಲ್ಲ, ಆಯಿಯನ್ನು ನೋಡುತ್ತಿದ್ದಳು.

"ಎಲ್ಲಾ ಕೇಳ್ತದಲ್ಲೇ."

"ಎಂತದು?" ಆಯಿ ಚಪ್ಪಲಿ ಬಿಡುತ್ತ ಕೇಳಿದಳು.

"ನಾ ಆಡಿದ್ದು. ಇಷ್ಟು ವರ್ಷ. ಮೀನು ಸಾರಿಂದು, ನಿನ್ನ ತವರಿಂದು..."

"ನಂಗೆಂತ ಕೇಳ್ಲಿಲ್ಲ."

"ಒಂದೂ?"

"ಅಂಗಳಕ್ಕೆ ಬಂದು ನೀ ಎಂತ ಹೇಳಿದ್ಯೋ ಅಷ್ಟು ಕೇಳ್ದೆ."

ದೊಡ್ಡಾಯಿ ಗಂಟನ್ನು ನನ್ನ ಕೈಗಿಟ್ಟು, ಮೊಣಕಾಲು ಹಿಡಿದು ಎದ್ದು, ಮೆಟ್ಟಿಲಿಳಿದು ಅಂಗಳದ ನಡುವೆ ತುಳಸಿಕಟ್ಟೆಯ ಹತ್ತಿರ ಹೋಗಿ ನಿಂತಳು. ಅಲ್ಲಿಂದ ಆಯಿಯ ಕಡೆ ತಿರುಗಿದಳು.

"ಶಿರವಾಡದವ್ರು ಬಂದಿದ್ರು. ವಯಸ್ಸು ಎಷ್ಟೋ ಅಷ್ಟೇ ಹೇಳ್ಬಿಟ್ಟೆ. ಒಪ್ಪಿ ಹೋದ್ರು."

"ಹೌದಾ?" ಅಂದಳು ಆಯಿ. "ಯಾವಾಗ ಬಂದ್ರೇ? ನಂಗೆ ಗೊತ್ತೇ ಇಲ್ಲ."

ಪೆಟ್ಟಿಗೆಗಳನ್ನು ಮತ್ತೆ ಅದೇ ಮೊಳೆಗೆ ತೂಗು ಹಾಕಿದೆ. ದೊಡ್ಡಾಯಿಯೇ ಸ್ಟೂಲು ಹಿಡಿದುಕೊಂಡಳು. ಮಳೆಗಾಲದ ಹೊತ್ತಿಗೆ ಸರಿಯಾದ ಒಂದು ಡಿಸ್ಕ್ ಸಿಕ್ಕಿತು. ಹಿಂದಿನಿಂದ ಮಳೆ ಸುರಿಯಿತು. ನನಗೆ ನಂಬಿಕೆ ಬಾರದೆ ಹೊರಗೆ ಹೋಗಿ ನೋಡಿದೆ. ಅಂಗಳ ಒಣಗಿತ್ತು.

ಆ ಕಡೆಯ ಮಾತೂ ಮರಳಿತು, ಆದರೆ ಮೊದಲಿನ ಹಾಗಲ್ಲ. ಮದುವೆಗೆ ಇನ್ನೂ ದಿನವಿತ್ತು. ದೀಪ ಹಚ್ಚಿದ ಮೇಲೆ ದೊಡ್ಡಾಯಿ ಮಗಳಿಗೆ, ಸ್ವಲ್ಪ ಎತ್ತರದ ದನಿಯಲ್ಲೇ, "ನಿನ್ನ ಚಿಕ್ಕಿ ಕೈ ಮೀನು ಸಾರು ಅಂದ್ರೆ ಸಾರು" ಅನ್ನುವಳು. "ಅಂಥ ವಾರಗಿತ್ತಿ ಸಿಗೂದಿಲ್ಲ" ಅನ್ನುವಳು. ಮಗಳು ಯಂತ್ರ ತುಳಿಯುವುದನ್ನು ನಿಲ್ಲಿಸುವಳು. ಅವಳಿಗೂ ಆಶ್ಚರ್ಯ ಆಗಿರಬೇಕು.

ಈ ಕಡೆ ಆಯಿ ಈಳಿಗೆ ಪಕ್ಕಕ್ಕಿಟ್ಟು ಗೋಡೆಯ ಕಡೆ ಕಿವಿ ಕೊಡುವಳು. ದೊಡ್ಡಾಯಿ ಬೈಯುವಾಗ ಒಂದು ದಿನವೂ ಹಾಗೆ ಕಿವಿ ಕೊಟ್ಟವಳಲ್ಲ.

"ಸಣ್ಣ ಮಾಡು" ಅನ್ನುವಳು ನನಗೆ. "ಇವಳಿಗೆ ನಮ್ಮಿಂದ ಎಂತದೋ ಕೆಲ್ಸ ಆಗ್ಬೇಕಾಗಿ ಅದೆ."